ಟಾರ್ಪಾಲು ಹೊದ್ದ ಕಟ್ಟಿಗೆ

ಹರಿಶ್ಚಂದ್ರ ಮೂರನೇ ಸಲ ಕಡ್ಡಿ ಗೀರಿದಾಗ ಒಲೆಯಿಂದ ಎದ್ದ ಹೊಗೆ ಎಂಥದ್ದೆಂದರೆ, ಬೆಸ್ಟ್ ಎಂಬ ಡಚ್ ಊರಿನ ಬಾತುಕೋಳಿಗಳೆಲ್ಲ ಕಾಲುವೆ ಬಿಟ್ಟು ಬೆಲ್ಜಿಯಂ ಕಡೆಗೆ ಹಾರಿಹೋದವು. ಎಣಿಸಿದವರಿಲ್ಲ, ಆದರೂ ಒಂದೂ ಉಳಿಯಲಿಲ್ಲ. ಸೋಫಾದ ಮೇಲಿದ್ದ ಹೆಂಡತಿ ವಸಂತಿ ಕಾಣದಾದಳು. ಕೆಮ್ಮು ಮಾತ್ರ ಕೇಳುತ್ತಿತ್ತು.

“ಸೋಮವಾರ ಒಲೆ ಕೀಳುವವನು ಬರ್ತಾನೆ, ಅಫ್‌ಸ್ಪ್ರಾಕ್ ಫಿಕ್ಸ್ ಆಗಿದೆ,” ಎಂದಿತು ಕೆಮ್ಮು. “ಇವತ್ತು ಸಂಜೆಯೊಳಗೆ ಹೊಗೆ ಇಲ್ಲದೆ ಉರಿದ್ರೆ ಕ್ಯಾನ್ಸಲ್ ಮಾಡ್ತೇನೆ. ಇಲ್ಲದಿದ್ರೆ ನಿಮ್ಮ ಒಲೆ ಹೊರಗೆ.”

ಮನೆ ಬೆಚ್ಚಗಿಡುವ ಆ ಕಟ್ಟಿಗೆ ಒಲೆಗೋಸ್ಕರವೇ ಹರಿಶ್ಚಂದ್ರ ಈ ಮನೆ ಕೊಂಡದ್ದು. ಉಡುಪಿಯಲ್ಲಿ ತಾನು ತೊಟ್ಟಿಲಿಂದ ಇಳಿದವನೇ ಬಚ್ಚಲೊಲೆಯ ಮುಂದೆ ಕೂತೆನೆಂದು ಆಫೀಸಿನಲ್ಲಿ ಹನ್ನೊಂದು ದೇಶದವರಿಗೆ ಹೇಳಿದ್ದ. ಮೇ ತಿಂಗಳ ಬಿರುಗಾಳಿಗೆ ಬಿದ್ದ ಓಕ್ ಮರದ ತುಂಡುಗಳನ್ನು ತಂದು, ಸೀಳಿ, ಹಿತ್ತಲಲ್ಲಿ ಒಟ್ಟಿದ. ಸಮತಟ್ಟಾದ ಆ ದೇಶಕ್ಕೆ ಸಿಕ್ಕ ಮೊದಲ ಬೆಟ್ಟ ಅದೇ ಇರಬೇಕು. ಮಳೆಗಾಲಕ್ಕೆ ಮುಂಚೆ ಊರಲ್ಲಿ ಮಾಡುವಂತೆ ನಾಲ್ಕೂ ಕಡೆ ಟಾರ್ಪಾಲು ಸುತ್ತಿ, ಹಡಗು ಕಟ್ಟುವ ಹಗ್ಗದಿಂದ ಬಿಗಿದ. ಒಂದು ಹನಿ ಒಳಗೆ ಹೋಗಲಿ ನೋಡೋಣ!

ಅಷ್ಟರಲ್ಲಿ, ಎರಡು ವಾರದ ಹಿಂದೆ ಉಡುಪಿಯಿಂದ ಬಂದಿದ್ದ ವಸಂತಿಯ ತಾಯಿ ಗಿರಿಜಮ್ಮ, ಸೀರೆಯ ಮೇಲೆ ಅಳಿಯನ ಜಾಕೆಟ್ ತೊಟ್ಟು ಹೊಗೆಯೊಳಗಿಂದ ನಡೆದುಬಂದರು. ನಲವತ್ತು ವರ್ಷ ಕಟ್ಟಿಗೆಯಲ್ಲೇ ಕುಚ್ಚಲಕ್ಕಿ ಬೇಯಿಸಿದ ಕೈ ಅದು. ಬುಟ್ಟಿಯಿಂದ ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿದರು. ದಪ್.

“ಇದೆಂತ ಮಾರಾಯ್ರೆ, ಕುಂಬಳಕಾಯಿಯಾ?”

“ಓಕ್, ಅತ್ತೆ. ಇಲ್ಲಿಯ ಮರಗಳ ರಾಜ.”

“ರಾಜನೇ ಇರ್ಲಿ, ಸ್ನಾನ ಮಾಡಿ ಮೈ ಒರೆಸಿಕೊಳ್ಳದ ರಾಜ.”

ಹಿತ್ತಲಿಗೆ ಹೋಗಿ ಅವರು ಟಾರ್ಪಾಲು ಸರಿಸಿದರು. ಒಳಗಿಂದ ಬೆಚ್ಚನೆ ಆವಿ ಬಂತು. ಊರಿಗೆಲ್ಲ ಸಾರು ಮಾಡಿ ಬಡಿಸುವಷ್ಟು ಅಣಬೆ ಎದ್ದಿತ್ತು.

“ಊರಲ್ಲಿ ಎರಡು ತಿಂಗಳು ಸುಡುಬಿಸಿಲಿಗೆ ಒಣಗಿಸಿ ಆಮೇಲೆ ಮುಚ್ಚೋದು. ನೀವು ಹಸಿಯನ್ನೇ ಮುಚ್ಚಿದ್ದಾ? ಹೊರಗಿನ ನೀರು ಬಾರದ ಹಾಗೆ ಕಟ್ಟಿದ್ರಿ, ಒಳಗಿನ ನೀರು ಹೋಗೋದೆಲ್ಲಿಂದ?”

“ಇಲ್ಲಿಯ ಬಿಸಿಲಿಗೆ ಹಪ್ಪಳವೂ ಒಣಗೋದಿಲ್ಲ, ಅತ್ತೆ.”

“ಗಾಳಿ ಇಲ್ವಾ? ಮೊನ್ನೆ ನನ್ನನ್ನೇ ಎತ್ತಿಕೊಂಡು ಹೋಗ್ಲಿಕ್ಕಿತ್ತು!”

ಪಕ್ಕದ ಮನೆಯ ಹಿತ್ತಲಲ್ಲೂ ಕಟ್ಟಿಗೆ ಇತ್ತು. ಮೇಲೊಂದು ತಗಡು, ಬದಿಗಳೆಲ್ಲ ತೆರೆದೇ ಇದ್ದವು. ಗಿರಿಜಮ್ಮ ಗಿಡ್ಡ ಬೇಲಿಯಾಚೆ ಕೈ ಚಾಚಿ, ಕೇಳದೆಯೇ ಎರಡು ತುಂಡು ತೆಗೆದು ಬಡಿದರು. ಟಣ್! ಆ ಸದ್ದಿಗೆ ಮನೆಯ ಯಜಮಾನ ಯೋಪ್ ಅಜ್ಜ ಕಾಫಿ ಕಪ್ಪು ಹಿಡಿದೇ ಓಡಿಬಂದ. ಕಳ್ಳಿಯನ್ನು ನೋಡಿದ, ಕಟ್ಟಿಗೆ ನೋಡಿದ. ಕಪ್ಪು ಕೆಳಗಿಟ್ಟು ತಾನೂ ಎರಡು ತುಂಡು ಎತ್ತಿ ಆಕೆಯ ಕಿವಿಯ ಹತ್ತಿರ ಬಡಿದ. ಟಣ್! ಗಿರಿಜಮ್ಮ ಅಳಿಯನ ತುಂಡುಗಳನ್ನು ಅವನ ಕಿವಿಗೆ ಹಿಡಿದರು. ದಪ್. ಇಬ್ಬರೂ ಬೇಲಿ ಅಲುಗುವಷ್ಟು ನಕ್ಕರು. ದುಭಾಷಿಯಾಗಲು ಬಂದ ಹರಿಶ್ಚಂದ್ರನಿಗೆ ಕೆಲಸವೇ ಇರಲಿಲ್ಲ.

ಕೊನೆಗೆ ಯೋಪ್ ಅಜ್ಜ ಇಂಗ್ಲಿಷಿನಲ್ಲಿ ಕೇಳಿದ: “ಇದನ್ನು ಹೀಗೆ ಉಸಿರುಕಟ್ಟಿಸಿದವರು ಯಾರು?”

ಮನೆ ಮಾರಿದವರ ಹೆಸರು ಹರಿಶ್ಚಂದ್ರನ ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ಅವನನ್ನೇ ನೋಡುತ್ತಿದ್ದರು.

“ನಾನೇ,” ಎಂದ.

ಯೋಪ್ ಅಜ್ಜ ತಲೆಯಾಡಿಸಿ ಒಪ್ಪಂದ ಹೇಳಿದ: ಈ ಚಳಿಗಾಲಕ್ಕೆ ತನ್ನ ಎರಡು ವರ್ಷ ಒಣಗಿದ ಕಟ್ಟಿಗೆ ಕೊಡುತ್ತಾನೆ, ಹರಿಶ್ಚಂದ್ರ ತನ್ನ ರಾಶಿಯನ್ನು ಇವತ್ತೇ ಬಿಚ್ಚಿ, ಗಾಳಿಯಾಡುವಂತೆ ಮತ್ತೆ ಒಟ್ಟಬೇಕು. ಒಣಗಿದ ಮೇಲೆ ಅದರಲ್ಲಿ ಅರ್ಧ ತನಗೆ.

ಗಿರಿಜಮ್ಮ ಯೋಪ್ ಅಜ್ಜ ಕೊಟ್ಟ ಬರ್ಚ್ ಮರದ ತುಂಡಿನ ತೊಗಟೆ ಸುಲಿದು, ತೆಳು ಚಕ್ಕೆಗಳನ್ನು ಅಡ್ಡಡ್ಡ ಇಟ್ಟು ಒಂದೇ ಕಡ್ಡಿ ಗೀರಿದರು. ಬೆಂಕಿ ಹತ್ತಿದ್ದಲ್ಲ, ನೆಗೆಯಿತು. ವಸಂತಿ ಅರ್ಧ ಗಂಟೆ ಒಲೆಯನ್ನು ಗುಮಾನಿಯಿಂದ ನೋಡಿದಳು. ಆಮೇಲೆ ಸ್ವೆಟರ್ ಕಳಚಿ, ಮೊಬೈಲ್ ತೆಗೆದು, ಸೋಮವಾರ ಬರುವುದು ಬೇಡವೆಂದು ಮೆಸೇಜು ಹಾಕಿದಳು.

ಹೊರಗೆ ಹರಿಶ್ಚಂದ್ರ ಒಂದೊಂದೇ ತುಂಡನ್ನು, ನಡುವೆ ನಾಲ್ಕು ಬೆರಳು ಸಂದು ಬಿಟ್ಟು ಜೋಡಿಸುತ್ತಿದ್ದ. ಸಂದುಗಳಲ್ಲಿ ಗಾಳಿ ಸಣ್ಣಗೆ ಶಿಳ್ಳೆ ಹಾಕುತ್ತಿತ್ತು. ನಡು ನೋವು ಬಂದು ನೆಟ್ಟಗೆ ನಿಂತು ಚಿಮಣಿಯ ಕಡೆ ನೋಡಿದ. ಹೊಗೆ ಇರಲಿಲ್ಲ. ಬೂದು ಆಕಾಶದ ಒಂದು ತುಣುಕು ಮಾತ್ರ, ಕಾದ ಕಾವಲಿಯ ಮೇಲಿನ ಗಾಳಿಯ ಹಾಗೆ, ನಡುಗುತ್ತಿತ್ತು.