ಆಚೆ ದಡದ ಇಗರ್ಜಿ

ಮದುವೆಯ ಮುನ್ನಾದಿನದ ‘ರೋಸ್’ ಶಾಸ್ತ್ರಕ್ಕೆ ನಾಲ್ಕೇ ದಿನ. ಮದುಮಕ್ಕಳ ತಲೆಗೆ ಹೊಯ್ಯುವ ಹಾಲಿಗೆಂದು ತಂದ ತೆಂಗಿನಕಾಯಿ ಕೊಲ್ಲಿ ದೇಶದ ಊದ್ ಮೇಥಾ ಬಡಾವಣೆಯ ಫ್ಲಾಟಿನಲ್ಲಿ ರಾಶಿ ಬಿದ್ದಿತ್ತು. ಲೂರ್ದಳ ಗಂಟಲಲ್ಲಿ ಮಾತ್ರ ಅನ್ನ ಇಳಿಯುತ್ತಿರಲಿಲ್ಲ. ಮಗಳು ಜೋಯ್ಲಿನ್ ಮದುವೆಯಾಗಲಿರುವ ಮಾರೆಕ್‌ನ ಹೆಸರು ಅವನೂರಿನ ಇಗರ್ಜಿಯ ದಫ್ತರದಲ್ಲೇ ಇಲ್ಲವಂತೆ! ಜ್ಞಾನಸ್ನಾನದ ಪತ್ರವಿಲ್ಲದೆ ಪಾದ್ರಿಗಳು ಮದುವೆ ಮಾಡಿಸುವ ಹಾಗಿಲ್ಲ.

ಪೋಲೆಂಡಿನ ಸ್ತಾರಿಬ್ರುದ್ ಎಂಬ ಆ ಪುಟ್ಟ ಊರಿಗೆ ಇಮೇಲ್ ಕಳಿಸಿದ್ದು ಲೂರ್ದಳೇ. ಮಾರೆಕ್ ‘ನಾನೇ ಬರೆಯುತ್ತೇನೆ’ ಅಂದರೂ ಬಿಡದೆ, ಅವನ ಮನೆಗೆ ಹತ್ತಿರದ ಇಗರ್ಜಿ ಹುಡುಕಿ ಬರೆದಿದ್ದಳು. ಪಕ್ಕದ ಇಗರ್ಜಿ ಬಿಟ್ಟು ಹಸುಗೂಸನ್ನು ಯಾರು ಎಲ್ಲೆಲ್ಲಿಗೋ ಹೊತ್ತುಕೊಂಡು ಹೋಗುತ್ತಾರೆ?

ಸಂಜೆ ಮಾರೆಕ್ ಬಂದದ್ದೇ ತಡ, ಉತ್ತರವನ್ನು ಅವನ ಮುಖಕ್ಕೆ ಹಿಡಿದಳು.

“ಸತ್ಯ ಹೇಳು ಮಾರಾಯ. ನಿನಗೆ ಜ್ಞಾನಸ್ನಾನ ಆಗಿದೆಯಾ ಇಲ್ವಾ?”

“ಮಮ್ಮಾ, ಪ್ಲೀಸ್!” ಅಂದಳು ಜೋಯ್ಲಿನ್.

“ನೀನು ಸುಮ್ಮನಿರು.”

ಮಾರೆಕ್‌ನ ಕಿವಿ ಕೆಂಪಾಯಿತು. ಊರಿನ ಅಜ್ಜಿಗೆ ಫೋನ್ ಮಾಡಿದ. ಮುದುಕಿ ನಕ್ಕು ನಕ್ಕು ಹೇಳಿದ್ದನ್ನೆಲ್ಲ ಕೇಳಿ, ಮೇಜಿನ ಮೇಲೆ ಒಂದು ಚೂರಿಯನ್ನು ಅಡ್ಡ ಇಟ್ಟ.

“ಇದು ಹೊಳೆ, ಊರಿನ ನಟ್ಟನಡುವೆ. ಈಚೆ ದಡ ತಗ್ಗು, ಹಿಂದೆ ಉಪ್ಪಿನ ದೋಣಿಗಳು ನಿಲ್ಲುತ್ತಿದ್ದ ಜಾಗ. ಪೇಟೆ ಬೆಳೆದದ್ದು ಅಲ್ಲೇ, ನಮ್ಮ ಮನೆಯೂ ನೀವು ಬರೆದ ಇಗರ್ಜಿಯೂ ಅಲ್ಲೇ. ಆಚೆ ದಡ ಗುಡ್ಡ, ಮೇಲೊಂದು ಮರದ ಇಗರ್ಜಿ. ನಾನು ಹುಟ್ಟಿದ ವರ್ಷ ನೆರೆ ಬಂದು ಈಚೆಯ ಇಗರ್ಜಿಯ ಪೀಠದವರೆಗೂ ನೀರಂತೆ, ಸೇತುವೆಯೂ ಹೋಯಿತಂತೆ. ಅಜ್ಜಿ ನನ್ನನ್ನು ದೋಣಿಯಲ್ಲಿ ಆಚೆಗೆ ಒಯ್ದಳಂತೆ. ನನಗೂ ಈಗಲೇ ಗೊತ್ತಾದದ್ದು.”

ಲೂರ್ದ್ ಹಣೆ ಚಚ್ಚಿಕೊಂಡಳು. ಅವಳು ಹುಟ್ಟಿದ್ದು ನೇತ್ರಾವತಿಯ ನಡುವಿನ ಕುದ್ರುವಿನಲ್ಲಿ, ಸುತ್ತಲೂ ನೀರು. ಅವಳನ್ನೂ ಎಂಟನೇ ದಿನ ದೋಣಿಯಲ್ಲೇ ದಡದ ಇಗರ್ಜಿಗೆ ಒಯ್ದಿದ್ದರು!

“ಅಯ್ಯೋ ದೇವರೇ, ನನಗೆ ಎಂತ ಮಂಕು ಕವಿದಿತ್ತು!”

ಅಂದೇ ಮರದ ಇಗರ್ಜಿಗೆ ಬರೆದರು, ಈ ಸಲ ಮಾರೆಕ್‌ನೇ. ಮರುದಿನ ಮಧ್ಯಾಹ್ನ ಪತ್ರ ಬಂತು: ಮಾರೆಕ್‌ನ ಹೆಸರು, ತಾರೀಕು, ಅಜ್ಜಿಯ ಸಹಿ, ಎಲ್ಲವೂ ಉಂಟು. ಲೂರ್ದ್ ತೆಂಗಿನಕಾಯಿ ರಾಶಿಯ ಪಕ್ಕ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು, ಎದೆ ಹಗುರಾಯಿತು. ಆಮೇಲೆ ಎರಡು ತಟ್ಟೆ ಅನ್ನ ಉಂಡಳು.

ರೋಸಿನ ದಿನ ಎಲ್ಲರೂ ಒಂದೊಂದು ಸಲ ಮಾರೆಕ್‌ನ ತಲೆಗೆ ಹಾಲು ಹೊಯ್ದರು. ಲೂರ್ದ್ ಹೊಯ್ದಳು, ಮತ್ತೆ ತಂಬಿಗೆ ತುಂಬಿಸಿಕೊಂಡಳು.

“ಮಮ್ಮಾ, ಒಂದೇ ಸಲ ಅಲ್ವಾ?”

“ಇದು ನಾನು ಅವನನ್ನು ಅನುಮಾನಿಸಿದ್ದಕ್ಕೆ,” ಅಂದವಳೇ ಪೂರ್ತಿ ಬಗ್ಗಿಸಿದಳು.