ಹಾರ್ಮೋನಿಯಂ ಪೆಟ್ಟಿಗೆಯಲ್ಲಿದ್ದ ಚೀಟಿ

ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತದ್ದರಿಂದ ಆ ಸಣ್ಣ ಸದ್ದು ರುಕ್ಮಿಣಮ್ಮನಿಗೆ ಕೇಳಿಸಿತು. ಕಿರ್ ಎಂದು ಚಿಲಕ ಸರಿದ ಸದ್ದು. ರಾತ್ರಿ ಹನ್ನೊಂದು ದಾಟಿತ್ತು. ಕಿಟಕಿಯಿಂದ ನೋಡಿದರೆ ಎದುರಿನ ಭಜನಾ ಮಂದಿರದ ಉಗ್ರಾಣ ತೆರೆದಿತ್ತು. ಮಂದಿರದ ಅಧ್ಯಕ್ಷರಾದ ಪಾಪಯ್ಯನವರು ಟಾರ್ಚು ಹಿಡಿದು ನಿಂತು, ಸೀರೆಯ ಗಂಟುಗಳನ್ನು ಟೆಂಪೋಗೆ ಹಾಕಿಸುತ್ತಿದ್ದರು.

ಉತ್ತರದ ಕಡೆ ಹೊಳೆ ಉಕ್ಕಿ ಊರುಗಳು ಮುಳುಗಿದ್ದವು. ಅಲ್ಲಿಯವರಿಗೆಂದು ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಯಲ್ಲಿ ಮಂದಿರದವರು ಸೀರೆ ಕೂಡಿಸಿದ್ದರು. ಮಹಿಳಾ ಸಂಘದ ಹದಿನಾರು ಹೆಂಗಸರು ಒಂದೊಂದು ಹೊಸ ಸೀರೆ ಕೊಟ್ಟದ್ದು ರುಕ್ಮಿಣಮ್ಮನ ಮಾತಿನ ಮೇಲೆ. ಲಾರಿ ಭಾನುವಾರ ಹೊರಡುತ್ತದೆ ಎಂದಿದ್ದರು. ಅಂದು ಇನ್ನೂ ಗುರುವಾರ. ಬೇಗನೆ ಕಳಿಸುತ್ತಿರಬೇಕು, ಒಳ್ಳೆಯದೇ ಆಯಿತು ಎಂದುಕೊಂಡು ಅವಳು ಮಲಗಿದಳು.

ಮುಂದಿನ ಬುಧವಾರ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿಯೊಂದರ ಮುಂದೆ ಅವಳಿಗೆ ಹೆಜ್ಜೆ ಕೀಳಲಾಗಲಿಲ್ಲ. ಹೊರಗೆ ತೂಗುಹಾಕಿದ್ದ ಹಸಿರು ಸೀರೆ ಅವಳದೇ. ಸೆರಗಿನ ಹತ್ತಿರ ಎರಡು ಬೆರಳಗಲ ಹಸಿರು ಗಾಢವಾಗಿತ್ತು. ನೇಯುವಾಗ ನೂಲು ಮುಗಿದು, ಕಣ್ತಪ್ಪಿ ಬೇರೆ ಛಾಯೆಯ ನೂಲು ಹಾಕಿಬಿಟ್ಟಿದ್ದಳು. ಮಗ್ಗದ ಸಾಹುಕಾರರು ಬೇಡವೆಂದಾಗ ತಾನೇ ಉಡೋಣವೆಂದು ಇಟ್ಟುಕೊಂಡು, ಕೊನೆಗೆ ನೆರೆ ಸಂತ್ರಸ್ತರಿಗೆಂದು ಕೊಟ್ಟಿದ್ದಳು. ಆ ಪಟ್ಟೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಅಂಗಡಿಯವನು ಅವಳಿಗೇ ಧೈರ್ಯ ಹೇಳಿದ. ಪಕ್ಕದಲ್ಲಿ ಸಂಘದವರ ಇನ್ನೂ ಮೂರು ಸೀರೆಗಳಿದ್ದವು.

ಆ ರಾತ್ರಿ ಅನ್ನ ಸೇರಲಿಲ್ಲ. ಹದಿನಾರು ಜನ ನಾಳೆ ಕೇಳಿದರೆ ಯಾವ ಮುಖ ತೋರಿಸುವುದು? ಸಂಘದ ಲೆಕ್ಕ ಬರೆಯುವ ಪಕ್ಕದ ಮನೆಯ ಪದ್ಮಶ್ರೀಗೆ ಎಲ್ಲವನ್ನೂ ಹೇಳಿಕೊಂಡಳು. ಪದ್ಮಶ್ರೀ ಕೇಳಿದ್ದು ಒಂದೇ ಮಾತು: ಪಾಪಯ್ಯನವರನ್ನೇ ಯಾಕೆ ಕೇಳಬಾರದು?

"ಏನಂತ ಕೇಳ್ಲಿ? ಕೊರೊನಾದಲ್ಲಿ ಮಗ್ಗ ನಿಂತಾಗ ಎರಡು ತಿಂಗಳು ಆ ಮಂದಿರದ ಅಕ್ಕೀಲೇ ಬದುಕಿದೀವಿ ಕಣೇ. ತಿಂದ ಬಾಯಲ್ಲಿ ಲೆಕ್ಕ ಕೇಳಕ್ಕಾಗುತ್ತಾ? ಅದೂ ದೇವರ ಮುಂದೆ."

"ಸಂಘದಲ್ಲಿ ವಾರ ವಾರ ನೀವೆಲ್ಲ ನನ್ ಕೈಲಿ ಲೆಕ್ಕ ಓದಿಸ್ತೀರಲ್ಲಕ್ಕ, ನಾನೇನು ಕಳ್ಳೀನಾ?"

"ಥೂ, ಬಿಡ್ತು ಅನ್ನು. ಅದು ಪದ್ಧತಿ."

"ಇಲ್ಲೂ ಪದ್ಧತಿ ಆಗ್ಲಿ. ಕೇಳ್ದೆ ಸುಮ್ನಿದ್ರೆ ನೀನು ಅವರನ್ನ ಮನಸಲ್ಲೇ ಕಳ್ಳ ಅನ್ಕೊಂಡು ಓಡಾಡ್ತೀಯ. ಅಕ್ಕಿ ಕೊಟ್ಟೋರಿಗೆ ಅದಾ ನೀನು ಮಾಡೋ ಮರ್ಯಾದೆ?"

"ಹಂಗಾದ್ರೆ ಬೆಳಿಗ್ಗೆ ನೀನೂ ಬಾ" ಎಂದಳು ರುಕ್ಮಿಣಮ್ಮ.

ಬೆಳಿಗ್ಗೆ ಇಬ್ಬರೂ ಮಂದಿರಕ್ಕೆ ಹೋದರು. ಪದ್ಮಶ್ರೀ ಬಾಗಿಲ ಬಳಿ ಚಪ್ಪಲಿ ಬಿಡುತ್ತಿರುವಾಗಲೇ ರುಕ್ಮಿಣಮ್ಮ ಒಳಗೆ ಹೋಗಿ, ಧೈರ್ಯ ಆರುವ ಮೊದಲು ಅಂಗಡಿಯಲ್ಲಿ ಕಂಡದ್ದನ್ನು ಹೇಳಿಬಿಟ್ಟಳು. ಪಾಪಯ್ಯನವರ ಮುಖ ಕಪ್ಪಿಟ್ಟಿತು.

"ನನ್ನನ್ನ ಕಳ್ಳ ಅಂತೀಯೇನಮ್ಮ ರುಕ್ಮಿಣಿ?"

"ಇಲ್ಲಣ್ಣ. ಬೇರೆಯವರು ಅನ್ನೋಕೆ ಮುಂಚೆ ಕೇಳೋಣ ಅಂತ ಬಂದೆ. ಹದಿನಾರು ಜನಕ್ಕೆ ನಾನು ಉತ್ತರ ಹೇಳ್ಬೇಕಲ್ಲಣ್ಣ."

ಅವರು ಹಾರ್ಮೋನಿಯಂ ಪೆಟ್ಟಿಗೆ ತೆರೆದು ಒಂದು ಕವರು ತೆಗೆದರು. ಗುರುವಾರ ರಾತ್ರಿ ನೆರೆ ಬಂದ ಕಡೆಯ ಕಾಳಜಿ ಕೇಂದ್ರದಿಂದ ಫೋನು ಬಂದಿತ್ತಂತೆ. ಸೀರೆ ರಾಶಿ ಬಿದ್ದಿದೆ, ಮಕ್ಕಳು ಚಳಿಗೆ ನಡುಗುತ್ತಿವೆ, ಕಂಬಳಿ ಕಳಿಸಿ ಎಂದು. ಬೆಳಗಿನ ಜಾವಕ್ಕೆ ಲಾರಿಯೊಂದು ಆ ಕಡೆ ಹೊರಡುವುದಿತ್ತು. ಪಾಪಯ್ಯನವರು ಅಂಗಡಿಯವನನ್ನು ಎಬ್ಬಿಸಿ, ಸೀರೆ ಕೊಟ್ಟು ಎಂಬತ್ತು ಕಂಬಳಿ ತೆಗೆದುಕೊಂಡು ಲಾರಿಗೆ ಹಾಕಿಸಿದ್ದರು. ಕವರಿನಲ್ಲಿ ಅಂಗಡಿಯ ರಸೀದಿಯಿತ್ತು. ಎಂಬತ್ತೂ ತಲುಪಿದವೆಂದು ಕೇಂದ್ರದವರು ಮೊಹರು ಹಾಕಿ ಲಾರಿಯವನ ಕೈಲಿ ಕಳಿಸಿದ್ದ ಕಾಗದವಿತ್ತು. ಆ ಕಾಗದದ ಹಿಂದೆ ಪಿನ್ನು ಹೊಡೆದ ಒಂದು ಚೀಟಿಯೂ ಇತ್ತು. ಅಲ್ಲಿನ ಯಾರೋ ತಾಯಿ ಪೆನ್ಸಿಲಿನಲ್ಲಿ ಬರೆದಿದ್ದಳು:

"ಮೂರ ದಿನಾ ಆದಮ್ಯಾಲ ನಮ್ಮ ಕೂಸು ಇವತ್ತ ನಿದ್ದಿ ಮಾಡೈತಿ. ಕಂಬಳಿ ಕೊಟ್ಟ ಎಲ್ಲಾ ಅಕ್ಕಂದಿರಿಗೆ ಶರಣು."

ರುಕ್ಮಿಣಮ್ಮ ಅದನ್ನು ಮತ್ತೆ ಮತ್ತೆ ಓದಿದಳು. ತನ್ನ ತಪ್ಪು ಪಟ್ಟೆಯ ಸೀರೆ ಎಲ್ಲೋ ಒಂದು ಮಗುವಿಗೆ ಬೆಚ್ಚಗಿನ ನಿದ್ದೆಯಾಗಿತ್ತು. ಈ ಶರಣು ಹದಿನಾರು ಮನೆಗೂ ಸೇರಬೇಕಾದದ್ದು. ಯಾರೂ ಕೇಳದಿದ್ದರೆ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು.

"ಬದಲಾಯಿಸಿದ್ದನ್ನ ನಿಮ್ಗೆಲ್ಲ ಹೇಳ್ಬೇಕಿತ್ತು, ತಪ್ಪು ನಂದೇ" ಎಂದರು ಪಾಪಯ್ಯ. "ಮೂವತ್ತು ವರ್ಷದಿಂದ ಈ ಮಂದಿರ ನೋಡ್ಕೋತಿದೀನಿ. ಹಿಂದ್ಗಡೆ ಆಡ್ಕೊಂಡಿದ್ದು ಕಿವಿಗೆ ಬಿದ್ದಿದೆ. ಎದುರಿಗೆ ಬಂದು ಕೇಳಿದ್ದು ನೀನೊಬ್ಳೇ ಕಣಮ್ಮ." ಅವರ ಕಣ್ಣು ತುಂಬಿ ಬಂತು. ಇನ್ನೂ ಬಾಗಿಲ ಬಳಿಯೇ ನಿಂತಿದ್ದ ಪದ್ಮಶ್ರೀಗೆ ಕಾಣದಂತೆ ತಿರುಗಿ, ಟವೆಲಿನಲ್ಲಿ ಒರೆಸಿಕೊಂಡರು.

ಸಂಜೆ ಮಂದಿರದ ಗೋಡೆಗೆ ಕಪ್ಪು ಹಲಗೆ ಬಂತು. ಯಾರು ಏನು ಕೊಟ್ಟರು, ಅದು ಏನಾಯಿತು, ಎಲ್ಲಿಗೆ ತಲುಪಿತು ಎಲ್ಲವನ್ನೂ ಪಾಪಯ್ಯನವರೇ ಬರೆದರು. ಪಕ್ಕದಲ್ಲಿ ಆ ಚೀಟಿ ಅಂಟಿಸಿದರು. ಸಂಘದ ಹೆಂಗಸರು ಒಬ್ಬರಿಗೊಬ್ಬರು ಓದಿ ಹೇಳಿದರು. ಮುಂದಿನ ಸಲ ಕಂಬಳಿಯನ್ನೇ ಕೊಡೋಣ ಎಂದವರೂ ಇದ್ದರು.

ಅಕ್ಕಂದಿರೇ, ಅಣ್ಣಂದಿರೇ, ನೆರೆ ಬರಲಿ, ಬೆಂಕಿ ಬೀಳಲಿ, ಗುಡಿ, ಮಠ, ಮಸೀದಿ, ಚರ್ಚು ಯಾವುದರ ಮೂಲಕ ಕೊಟ್ಟರೂ ಕೈತುಂಬ ಕೊಡಿ. ಕೊಟ್ಟಾಗ ರಸೀದಿ ಕೇಳಿ. ತಲುಪಿತೇ ಎಂದು ಎದುರಿಗೇ ಕೇಳಿ, ಮರ್ಯಾದೆಯಿಂದ ಕೇಳಿ, ಇಬ್ಬರು ಹೋಗಿ ಕೇಳಿ. ಎಲ್ಲರ ಪೆಟ್ಟಿಗೆಯಲ್ಲೂ ಇಂಥ ಕಾಗದ ಇರುವುದಿಲ್ಲ. ಇಲ್ಲದಿದ್ದರೆ ಸಿಗುವ ತನಕ ಕೇಳಿ. ಕೂಡಿಸುವ ಹಿರಿಯರೇ, ಯಾರೂ ಕೇಳುವ ಮೊದಲೇ ನೀವೇ ಬರೆದು ಹಾಕಿ.

ಆ ಸಂಜೆ ಹಲಗೆಯ ಮುಂದೆ ನಿಂತಿದ್ದ ರುಕ್ಮಿಣಮ್ಮನನ್ನು ಹೆಂಗಸರು ಕೇಳಿದರು, ಪಾಪಯ್ಯನವರು ಏನಂದರು ಎಂದು. ಜನಕ್ಕೆ ತಿಳಿಯಬೇಕಾದದ್ದೆಲ್ಲ ಹಲಗೆಯ ಮೇಲಿತ್ತು. ಒಬ್ಬ ಹಿರಿಯ ಕಣ್ಣೊರೆಸಿಕೊಂಡದ್ದು ಆ ಲೆಕ್ಕಕ್ಕೆ ಸೇರಿದ್ದಲ್ಲ. "ಕವರು ತೆಗೆದು ತೋರಿಸಿದ್ರು, ಅಷ್ಟೇ" ಎಂದಳು. ಉಳಿದದ್ದನ್ನು ಪದ್ಮಶ್ರೀಗೂ ಹೇಳಬಾರದೆಂದು ಅಲ್ಲೇ ತೀರ್ಮಾನಿಸಿದಳು.