ಸುಣ್ಣದ ಗುರುತು

ಅದು ಧನುರ್ಮಾಸದ ಚಳಿಗಾಲ, ಕೋಳಿ ಕೂಗಿ ಮುಖ ಕಾಣುವಷ್ಟು ಬೆಳಕಾಗಿದ್ದ ಹೊತ್ತು. ಕನ್ನಡ ಸೀಮೆಗಳೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾದ ಮಾರನೆಯ ವರ್ಷ. ಚನ್ನರಾಯಪಟ್ಟಣದ ಕೇರಿಯಲ್ಲಿ ಬೋರ್ಡು ಬರೆಯುವ ಚಲುವಯ್ಯ ಇದ್ದಿಲಲ್ಲಿ ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದ. ಬಾಗೂರು ದಾರಿಯ ಹಳ್ಳದ ಕಡೆಯಿಂದ ಬೈರಯ್ಯ ಮಂಜಿನೊಳಗೆ ನಡೆದು ಬಂದು, ತಲೆಯ ಮೇಲಿನ ಮಡಕೆಯನ್ನು ಇಳಿಸಿದ.

“ಕುಡಿ ಚಲುವ. ಬಿಸ್ಲು ಏರೋಕ್ ಮುಂಚೆ ಕುಡ್ದ್ಬುಡು.”

ಚಲುವಯ್ಯ ಬಾಯಿ ಮುಕ್ಕಳಿಸಿ ಹಿಂದೆ ಮುಂದೆ ನೋಡಿದ. “ಪೋಲೀಸ್ನೋರು ಕಂಡ್ರೆ ಇಬ್ರುನೂ ಎಳ್ಕಂಡ್ ಓಯ್ತಾರೆ ಕಣಣ್ಣ.”

“ಎಂಡ ಅಲ್ಲ ಕಣ್ಲಾ, ನೀರಾ. ಮಡಕೆ ಒಳಗೆ ಸುಣ್ಣ ಬಳ್ದಿವ್ನಿ. ಸುಣ್ಣ ಇದ್ರೆ ಉಳಿ ಬರಾಕಿಲ್ಲ, ಬುರುಗು ಏಳಾಕಿಲ್ಲ, ತಲೆಗೂ ಅತ್ತಾಕಿಲ್ಲ. ಸರ್ಕಾರದೋರೇ ನಾಕು ಮರ ಕೆತ್ತಾಕೆ ಚೀಟಿ ಕೊಟ್ಟವ್ರೆ.”

ಕುಡಿದರೆ ಎಳನೀರಿಗೆ ಬೆಲ್ಲ ಕದಡಿದಂತಿತ್ತು.

ಬೈರಯ್ಯನದು ತಲೆತಲಾಂತರದಿಂದ ಈಚಲು ಮರ ಹತ್ತುವ ಮನೆತನ. ಪಾನನಿರೋಧ ಬಂದಮೇಲೆ ಮರವೂ ಹೋಯಿತು, ಹೆಂಡದ ಅಂಗಡಿಯೂ ಹೋಯಿತು. ಅಂದಿನಿಂದ ಕಂಡವರ ಹೊಲದಲ್ಲಿ ಕೂಲಿ. ಈಗ ಊರಿನ ಮಹಿಳಾ ಸಮಾಜದವರು ಮನೆಮನೆಯ ತಿಂಡಿಗಳನ್ನು ಶಾಲೆಯ ಬಯಲಿನಲ್ಲಿಟ್ಟು, ಬಂದವರಿಗೆಲ್ಲ ರುಚಿ ತೋರಿಸುವ ಸಭೆ ಮಾಡುವವರಿದ್ದರು. ತಿಂಡಿಯ ಜೊತೆಗೆ ನೀರಾ ಕೂಡ. ಹಾಸನದಿಂದ ಅಧಿಕಾರಿಯೊಬ್ಬರು ಬಂದು ಒಂದು ಲೋಟ ಕುಡಿಯುತ್ತಾರೆ, ಒಪ್ಪಿಗೆಯಾದರೆ ಬಸ್ ಸ್ಟ್ಯಾಂಡಿನ ಪಕ್ಕ ನೀರಾ ಅಂಗಡಿಗೆ ರುಜು ಹಾಕುತ್ತಾರೆ ಎಂದು ಮಾತಾಗಿತ್ತು. ಬೈರಯ್ಯ ಮತ್ತೆ ಮರ ಹತ್ತುವುದೋ ಬಿಡುವುದೋ ಎಂಬುದು ಆ ಒಂದು ಲೋಟದ ಮೇಲೆ ನಿಂತಿತ್ತು.

ಬೋರ್ಡುಗಳ ಕೆಲಸ ಚಲುವಯ್ಯನದು. ಸಮಾಜದ ಕಾರ್ಯದರ್ಶಿ ಕಮಲಾಕ್ಷಮ್ಮನವರ ಹಿತ್ತಲಿನ ನುಗ್ಗೇಮರದ ಕೆಳಗೆ ಅವನಿಗೆ ಜಾಗ ಕೊಟ್ಟಿದ್ದರು. ಕಾಫಿಯನ್ನು ತೆಂಗಿನ ಚಿಪ್ಪಿಗೆ ಎತ್ತರದಿಂದ ಹುಯ್ಯುತ್ತಿದ್ದರು.

“ಓದೋಕೆ ಬರದೋರೂ ತಿನ್ನೋಕೆ ಬರ್ತಾರೆ ಚಲುವಯ್ಯ. ಒಂದೊಂದಕ್ಕೂ ಒಂದು ಚಿತ್ರ ಇರಲಿ. ನೋಡಿದರೆ ಎಲ್ಲಾ ಒಂದೇ ಮನೆ ಅಡಿಗೆ ಅನ್ನಿಸಬೇಕು.”

“ಆಗ್ಲಿ ಅಮ್ಮಾವ್ರೆ.”

ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಅಕ್ಷರವೂ ಒಂದು ಚಿತ್ರವೇ. ಹುರಿಹಿಟ್ಟು, ಕಜ್ಜಾಯ, ಹಿತಕಿದ ಬೇಳೆ ಸಾರು, ಹುಚ್ಚೆಳ್ಳು ಚಟ್ನಿ, ಎಲ್ಲ ಹಲಗೆಗೂ ಕೆಮ್ಮಣ್ಣಿನ ಒಂದೇ ಅಂಚು ಎಳೆದ. ಮೂಲೆಯಲ್ಲಿ ಒಂದೇ ಮುತ್ತುಗದ ಎಲೆ ಬರೆದ. ಕೊನೆಗೆ ನೀರಾದ ಹಲಗೆ ಉಳಿಯಿತು. ಅದು ಬಾಗಿಲಿನಷ್ಟು ದೊಡ್ಡದು.

ಬೈರಯ್ಯ ಬೇಲಿಯಾಚೆ ಕುಕ್ಕರುಗಾಲಲ್ಲಿ ಕೂತು ಹೇಳಿದ: “ಬೀಡಿಗೊಂದು ಗುರ್ತು ಐತೆ, ಬೆಂಕಿಪೊಟ್ಣಕ್ಕೊಂದು ಗುರ್ತು ಐತೆ. ನನ್ ಮಡಕೆಗೂ ಒಂದು ಆಕ್ಬುಡ್ಲಾ.”

“ಏನ್ ಆಕ್ಲಿ? ಮಡಕೆ ಅಂದ್ರೆ ಎಲ್ಲಾ ಮಡಕೇನೇ.”

“ಎಂಡಕ್ಕೂ ಇದಕ್ಕೂ ಏನ್ಲಾ ಯತ್ವಾಸ? ಸುಣ್ಣ. ಆ ಸುಣ್ಣಾನೇ ತೋರ್ಸು.”

ಮಾತು ಸರಿಯೆನಿಸಿತು. ಮಡಕೆಯ ಒಳಗಿನ ಸುಣ್ಣ ಚಿತ್ರದಲ್ಲಿ ಕಾಣುವುದಿಲ್ಲವಲ್ಲ, ಅದಕ್ಕೆ ಚಲುವಯ್ಯ ಬಿಳಿಯನ್ನು ಮಡಕೆಯ ಬಾಯಿಗೇ ತಂದ. ಕಂಠ ದಾಟಿ ಒಂದಿಷ್ಟು ಹೊರಕ್ಕೂ ಬಳಿದ. ದೊನ್ನೆಗಳ ಮುಂದಿಡುವ ಚೀಟಿಗಳಿಗೂ, ಬಸ್ ಸ್ಟ್ಯಾಂಡಿನ ಗೋಡೆಗೂ ಅದೇ ಗುರುತು ಹಾಕಿದ. ಮೂರು ದಿನ ಮೂಗು ತಾಗುವಷ್ಟು ಹತ್ತಿರ ಕೂತು ಬರೆದನೇ ಹೊರತು ಎದ್ದು ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ಹಲಗೆ ನಿಲ್ಲಿಸಿದರು. ದೂರದಿಂದ ನೋಡಿದ ಮುದುಕ ನಂಜಯ್ಯ ಅಲ್ಲಿಂದಲೇ ಕೂಗಿದ.

“ಲೇ, ಬುರುಗು ನೋಡ್ರಲಾ! ಸರ್ಕಾರದೋರೇ ಎಂಡ ಉಯ್ತಾವ್ರೆ, ಬರ್ರಲಾ!”

ಚಲುವಯ್ಯ ತಿರುಗಿ ನೋಡಿದ. ಹಲಗೆಯ ಮೇಲಿನ ಮಡಕೆಯ ಬಾಯಲ್ಲಿ ಬಿಳಿ ಬುರುಗು ಉಕ್ಕಿ ಹೊರಕ್ಕೆ ಇಳಿಯುತ್ತಿತ್ತು.

ಗಂಡಸರು ಚೆಂಬು ಹಿಡಿದು ಓಡಿ ಬಂದರು. ಹೆಂಗಸರ ಕಜ್ಜಾಯದತ್ತ ಒಬ್ಬರೂ ತಿರುಗಲಿಲ್ಲ. ಹಳೆಯ ಅಂಗಡಿಯಲ್ಲಿ ಕೂರುತ್ತಿದ್ದ ಹಾಗೆಯೇ ಸಾಲಾಗಿ ಕೂತರು.

“ಬೈರಣ್ಣ, ನಂಚ್ಕಳಾಕೆ ಉಪ್ಗಡ್ಲೆ ಎಲ್ಲಿ?”

“ಕುಡುದ್ರೆ ಏರಾಕಿಲ್ಲ ಕಣ್ರಪ್ಪ, ಇದು ನೀರಾ. ಸುಮ್ಕೆ ಎದ್ದೋಗ್ರಿ” ಎಂದು ಬೈರಯ್ಯ ಕೈಮುಗಿದ. ನಂಜಯ್ಯ ಒಂದು ದೊನ್ನೆ ಕುಡಿದ. ತಮಾಷೆಗೆಂದು ಪಂಚೆ ಸಡಿಲಿಸಿಕೊಂಡು ತೂರಾಡಿದ, ಹೆಂಡತಿಯ ಹೆಸರು ಹಿಡಿದು ಬೈದ. ಜನ ಬಿದ್ದು ಬಿದ್ದು ನಕ್ಕರು. ಜೀಪು ಬಂದು ನಿಂತಿದ್ದು ಆಗಲೇ.

ಇಳಿದ ಅಧಿಕಾರಿ ತೂರಾಡುವ ಮುದುಕನನ್ನು ನೋಡಿದರು, ಹಲಗೆಯನ್ನು ನೋಡಿದರು. “ಇದೇನ್ರಮ್ಮಾ ಬುರುಗು?” ಎಂದು ಕಮಲಾಕ್ಷಮ್ಮನವರನ್ನು ಕೇಳಿದರು.

ಚಲುವಯ್ಯ ಮುಂದೆ ಬಂದ. “ಬುರುಗಲ್ಲ ಸಾ, ಸುಣ್ಣ. ಬರ್ದೋನು ನಾನೇ. ನನ್ ತಪ್ಪು ಸಾ.”

“ಊರಿಗೆಲ್ಲಾ ಬುರುಗು, ನಿನಗೊಬ್ಬನಿಗೆ ಸುಣ್ಣಾನೇನಯ್ಯಾ?”

“ಒಂದ್ ಲೋಟ ಕುಡ್ದು ನೋಡಿ ಸಾ” ಎಂದ ಬೈರಯ್ಯ. ಲೋಟ ತುಂಬಿಸಿ ಮುಂದಕ್ಕೆ ಹಿಡಿದ.

ಅಧಿಕಾರಿ, ಸಭೆಯ ಫೋಟೋ ತೆಗೆಯಲು ಬಂದು ನಿಂತಿದ್ದವನ ಕಡೆ ಕಣ್ಣು ಹಾಯಿಸಿದರು. “ಈ ಬೋರ್ಡಿನ ಕೆಳಗೆ ನಿಂತು ನಾನು ಕುಡಿಯೋದಾ? ನಾಳೆ ನನ್ನ ಕೆಲಸಾನೂ ಹೋಗ್ತದೆ.” ಅವರಿಗೆ ಕೋಪವಿರಲಿಲ್ಲ, ಹೆದರಿಕೆಯಿತ್ತು. ರುಜು ಹಾಕಬೇಕಿದ್ದ ಕಾಗದವನ್ನು ಮಡಿಸಿ ಜೇಬಿಗಿಟ್ಟು, ನೀರಾವನ್ನು ಚೆಲ್ಲಿಸಿ ಜೀಪು ಹತ್ತಿದರು. ನಾಲ್ಕು ಮರದ ಚೀಟಿಯೂ ಅಂದೇ ರದ್ದಾಯಿತು.

ಮಧ್ಯಾಹ್ನ ಇಬ್ಬರೂ ಖಾಲಿ ಮಡಕೆಗಳನ್ನು ಹೊತ್ತು ಹಳ್ಳದವರೆಗೂ ನಡೆದರು.

“ನನ್ನ ಒಸಿ ಬೈಯಣ್ಣ” ಎಂದ ಚಲುವಯ್ಯ. “ಎಲ್ಡ್ ಏಟಾದ್ರೂ ಒಡಿ.”

“ನೀನೇನ್ ಸುಳ್ ಬರುದ್ಯಾ? ನಾನ್ ಏಳುದ್ದೇ ಬರ್ದೆ. ಬುಡ್ಲಾ.”

ಹೊಡೆದಿದ್ದರೆ ಅಂದೇ ಮರೆತುಹೋಗುತ್ತಿತ್ತೇನೋ. ಅಧಿಕಾರಿಗೆ ನಡೆದದ್ದನ್ನು ತಿಳಿಸಿ ಹೇಳಲೆಂದು ಚಲುವಯ್ಯ ಆಮೇಲೆ ಹಾಸನಕ್ಕೆ ಎರಡು ಸಲ ಹೋಗಿ ಕಚೇರಿಯ ಮೆಟ್ಟಿಲಲ್ಲಿ ಕೂತು ಬಂದ. ಒಳಗೆ ಬಿಡಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಸಕಲೇಶಪುರದ ಕಡೆಯ ಕಾಫಿ ತೋಟಕ್ಕೆ ಆಳು ಕರೆದೊಯ್ಯುವ ಮೇಸ್ತ್ರಿ ಬಂದ. ಲಾರಿಯ ಹತ್ತಿರ ಬೈರಯ್ಯನ ಹೆಂಡತಿ ಪುಟ್ಟತಾಯಮ್ಮ ಗಂಟು ಹಿಡಿದು ನಿಂತಿದ್ದಳು.

“ನಿಮ್ಮಣ್ಣಂಗೆ ಮರ ಅತ್ತೋದೊಂದೇ ಗೊತ್ತು ಕಣ್ ಚಲುವಣ್ಣ. ಅಲ್ಲಿ ಗಿಡ ಎದೆಮಟ್ಟ ಅಂತೆ” ಎಂದಳು. ಬೈರಯ್ಯ ಆಗಲೇ ಲಾರಿ ಹತ್ತಿ, ಆಚೆ ಮುಖ ಮಾಡಿ ಕೂತಿದ್ದ.

ಶುಕ್ರವಾರ ಹೆಂಗಸು ಮನೆ ಬಿಟ್ಟು ಹೋಗಬಾರದೆಂದು ಓಣಿಯವರೆಲ್ಲ ಹೇಳಿದ್ದರು. ಮೇಸ್ತ್ರಿ ಇನ್ನೊಂದು ದಿನ ಕಾಯಲು ಒಪ್ಪಲಿಲ್ಲ. ಸಂಕ್ರಾಂತಿ ಕಳೆದ ಮೂರನೆಯ ದಿನ, ಶುಕ್ರವಾರವೇ, ಬೈರಯ್ಯನೂ ಪುಟ್ಟತಾಯಮ್ಮನೂ ಹೋದರು.